ಹಳೇ ವೈರು ಮುಟ್ಟಬೇಡ

ಅಪ್ಪಾ,

ಬಿಳಿಕೆರೆಗೆ ಹೋಗಿ ಮೂರು ಗಂಟೆಗೆಲ್ಲಾ ಬತ್ತೀನಿ. ಹತ್ತು ಗಂಟೆಗೆ ಹೊಸ ಇಂಟರ್ನೆಟ್ ಹಾಕೋರು ಬತ್ತಾರೆ. ಅವರದ್ರಲ್ಲಿ ನಿನ್ನ ವಿಡಿಯೊ ಓಡಿದ್ರೂ ಹಳೇ ವೈರು ಮುಟ್ಟಬೇಡ. ಎರಡೂ ಒಂದು ವಾರ ಜೊತೇಲಿರಲಿ, ಆಮೇಲೆ ಹಳೇದನ್ನ ನಾನೇ ನಿಲ್ಲಿಸ್ತೀನಿ.

ಹೋದ್ಸಲ ನೀನು "ಹೊಸದು ಬತ್ತದಲ್ಲ, ಇದ್ಯಾಕೆ ಬುಡು" ಅಂತ ಹಿಂದಿನ ದಿನವೇ ವೈರನ್ನ ಕುಡುಗೋಲಲ್ಲಿ ಕುಯ್ದು ಹೀರೆ ಬಳ್ಳಿಗೆ ಕಟ್ಟಿದೆ. ಅವರು ಬಂದಿದ್ದು ಆರು ದಿನ ಬಿಟ್ಟು. ಅಷ್ಟು ದಿನಾನೂ ನಾನು ಚೆಲುವರಾಜು ಮಾವನ ಕೊಟ್ಟಿಗೇಲಿ ಕೂತು ಆನ್‌ಲೈನ್ ಪಾಠ ಮಾಡಿದೆ. ಹಸು ಕೂಗಿದಾಗಲೆಲ್ಲ ಮಕ್ಕಳು ನಗೋವು.

ಇವತ್ತು ನಾಲ್ಕಕ್ಕೆ ಪರೀಕ್ಷೆ ಮುಂಚಿನ ಕೊನೇ ಪಾಠ. ಈ ಸಲ ಒಂದು ನಿಮಿಷಾನೂ ನಿಲ್ಲಲ್ಲ, ನೋಡ್ತಿರು.

ಬಳ್ಳಿಗೆ ಹೊಸ ಹಗ್ಗ ಬಾಗಿಲ ಹಿಂದೆ ಇಟ್ಟಿದ್ದೀನಿ. ಕುಡುಗೋಲು ಹುಡುಕಬೇಡ, ಅದು ನನ್ನ ಬ್ಯಾಗಲ್ಲಿದೆ.

ಹರ್ಷಿತಾ