ರಾಹಿಲನ ಕೈ ಕುದುರಿದ ಬಗೆ

ದಾಂಡೇಲಿ
೧೮ ನವೆಂಬರ್ ೨೦೨೪

ಪ್ರೀತಿಯ ಗೆಳೆಯ ಮುಬಾರಕನಿಗೆ ಮಲಕಪ್ಪನ ಸಲಾಮು.

ಗೋವಾದ ಫೋಂಡಾದಲ್ಲಿ ನೀನು, ನಿನ್ನ ಮನೆಯಾಕೆ ನಸ್ರೀನ ತಂಗಿ, ನಿನ್ನ ಗ್ಯಾರೇಜು ಎಲ್ಲ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನೂ ಮಾಲವ್ವನೂ ಆರಾಮಾಗಿದ್ದೇವೆ. ದಸರೆಯಲ್ಲಿ ನೀನು ಫೋನ್ ಮಾಡಿ ಕೇಳಿದ ಪ್ರಶ್ನೆಗೆ ದೀಪಾವಳಿ ದಾಟಿದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ನೀನು ಸ್ಪೀಕರ್ ಹಾಕಿ ಗಾಡಿಯ ಕೆಳಗೆ ಮಲಗಿರುತ್ತೀ. ನಾನು ಅರ್ಧ ಹೇಳುವಷ್ಟರಲ್ಲಿ "ಹಾಂ, ತಿಳೀತು ಬಿಡೋ" ಎಂದು ಇಟ್ಟುಬಿಡುತ್ತೀ. ಕಾಗದವಾದರೆ ಕೈ ಒರೆಸಿಕೊಂಡು ಕುಳಿತು ಓದಲೇಬೇಕು.

ನೀನು ಕೇಳಿದ್ದು ಇಷ್ಟೇ: "ರಾಹಿಲನ ಆಟ ಭಾಳ ಸುಧಾರಿಸೇತಿ ಅಂತಾರಲ್ಲೋ, ಇದು ಉಳಿಯೂದೇನು, ಇಲ್ಲಾ ನಾಕ ದಿನದ್ದೇನು? ಉಳೀತೈತಿ ಅಂದ್ರ ಧಾರವಾಡದ ಟೀಮಿನ ಆಯ್ಕೆಗೆ ಹೋಗ್ಲಿ. ಇಲ್ಲಾ ಅಂದ್ರ ಹೊಸ ವರ್ಷಕ್ಕ ಇಲ್ಲಿಗೆ ಬಂದು ನನ್ನ ಜೋಡಿ ಪಾನಾ ಹಿಡೀಲಿ." ಬಕ್ರೀದಿಗೆ ಬಂದಾಗ ಅವನಿಗೂ ಇದನ್ನೇ ಹೇಳಿ ಹೋಗಿದ್ದೆಯಂತೆ. ಈಗ ಮಗನ ಮುಂದಿನ ದಾರಿಯನ್ನು ನನ್ನ ತಲೆಗೆ ಕಟ್ಟಿ ನೀನು ಹಾಯಾಗಿದ್ದೀ.

ನನ್ನ ಸ್ವಭಾವ ನಿನಗೆ ಹೊಸದಲ್ಲ. ಹಾಲಿನವನ ಎದುರಿಗೇ ಹಾಲು ಮೂಸಿ ನೋಡುವವನು ನಾನು. "ದೇವ್ರು ಬಂದು ಎದುರಿಗೆ ನಿಂತ್ರೂ ನೀವು ಆಧಾರ ಕಾರ್ಡ ಕೇಳಾವ್ರು" ಎಂದು ಮಾಲವ್ವ ಚೇಷ್ಟೆ ಮಾಡುತ್ತಾಳೆ. ಅಂಥವನ ಕಣ್ಣೆದುರಿಗೆ ನಿನ್ನ ಮಗ ಏನು ಮಾಡಿದ ಕೇಳು. ಚಿಕ್ಕಂದಿನಿಂದ ಬಾಸ್ಕೆಟ್‌ಬಾಲ್ ಕಲಿಸುತ್ತ ನಾನು ಬಡಕೊಂಡರೂ ಅವನ ಚೆಂಡು ರಿಂಗಿನ ಅಂಚಿಗೆ ಬಡಿದು ಹೊರಗೇ ಬೀಳುತ್ತಿತ್ತು. ಶ್ರಾವಣದಲ್ಲಿ ಜ್ವರವೆಂದು ಕೆಲವು ವಾರ ಮೈದಾನಕ್ಕೆ ಬರಲಿಲ್ಲ. ಗಣಪತಿ ಹಬ್ಬ ಮುಗಿದ ಮೇಲೆ ಬಂದವನು ದೂರದಿಂದ, ಮೂಲೆಯಿಂದ, ಮೈಮೇಲೆ ಇಬ್ಬರು ಬಿದ್ದರೂ ಎಸೆದದ್ದನ್ನೆಲ್ಲ ಒಳಗೆ ಹಾಕತೊಡಗಿದ. ಜ್ವರ ಬಂದು ಹೋದರೆ ಯಾರ ಆಟವಾದರೂ ಸುಧಾರಿಸುತ್ತದೆಯೇ? ಬೇರೆಯವರಾಗಿದ್ದರೆ ಪೇಢೆ ಹಂಚುತ್ತಿದ್ದರು, ನನಗೆ ಮಾತ್ರ ಅನುಮಾನ ಹೊಕ್ಕಿತು.

ಮೊದಲು ರಿಂಗಿನ ಮೇಲೆ ಅನುಮಾನಪಟ್ಟೆ. ಮಿಲ್ ಕಾಲನಿಯ ನಮ್ಮ ಮೈದಾನದ ರಿಂಗಿನ ಬೋಲ್ಟು ಸಡಿಲಾಗಿದ್ದರೆ ಎಂಥ ಚೆಂಡೂ ಉರುಳಿ ಒಳಗೆ ಬೀಳುತ್ತದೆ. ಈ ವಯಸ್ಸಿನಲ್ಲಿ ಏಣಿ ಹಾಕಿಸಿ ನಾನೇ ಹತ್ತಿ ಅಲ್ಲಾಡಿಸಿ ನೋಡಿದೆ. ಗಟ್ಟಿಯಾಗಿತ್ತು. ಕೆಳಗೆ ನಿಂತ ಹುಡುಗರು ಮುಸಿಮುಸಿ ನಕ್ಕರು.

ಆಮೇಲೆ ಎದುರಾಳಿಗಳ ಮೇಲೆ ಅನುಮಾನ. ಹಳಿಯಾಳದವರ ಆಟ ಸಪ್ಪೆ, ಅಂಬಿಕಾನಗರದವರಿಗೆ ಹೊಟ್ಟೆ ಬಂದಿದೆ, ಅವರೆದುರು ಯಾರು ಬೇಕಾದರೂ ಮೆರೆಯಬಹುದು. ಅದಕ್ಕೇ ಬೇಕೆಂತಲೇ ಅವನನ್ನು ಮುಂಡಗೋಡಕ್ಕೆ ಕರೆದೊಯ್ದೆ. ಕ್ಯಾಂಪಿನ ಟಿಬೆಟಿ ಹುಡುಗರು ಉಸಿರಾಡಲಿಕ್ಕೂ ಬಿಡುವುದಿಲ್ಲ, ನಮ್ಮ ಕಾಲದಲ್ಲಿ ನಮ್ಮಿಬ್ಬರನ್ನೂ ಹೇಗೆ ಅಟ್ಟಾಡಿಸಿದ್ದರು ನೆನಪಿದೆಯಲ್ಲ. ರಾಹಿಲ ಅಲ್ಲಿಯೂ ಹಾಕಿದ. ಪಂದ್ಯ ಮುಗಿದ ಮೇಲೆ ಅವರ ನಾಯಕ ನನ್ನ ಹತ್ತಿರ ಬಂದು, "ಹೋದ ವರ್ಷ ಬಂದಿದ್ದಂವ ಇವನ ಏನ್ರಿ?" ಎಂದು ಕೇಳಿದ. "ನನಗೂ ಅದ ಸಂಶಯ ಐತಿ ನೋಡಪಾ" ಎಂದೆ.

ಸುಮ್ಮನಿರಲಾಗದೆ ಅವನ ಬ್ಯಾಗಿಗೂ ಕೈ ಹಾಕಿದೆ. ಗುಳಿಗೆ ಗಿಳಿಗೆ ನುಂಗುತ್ತಾನೋ ಏನೋ ಎಂದು. ಸಿಕ್ಕಿದ್ದು ಬೆವರಿನ ಬನಿಯನ್ನು, ಬಾಳೆಹಣ್ಣು, ಒಂದು ಸುರುಳಿ ಕಪ್ಪು ಪಟ್ಟಿ. ಯಾವುದಾದರೂ ಹುಡುಗಿಯ ಸಲುವಾಗಿ ಹುರುಪು ಬಂದಿರಬಹುದೇ ಎಂದು ಸಂಜೆ ಕಟ್ಟೆಯ ಮೇಲೆ ಯಾರು ಕೂರುತ್ತಾರೆಂದು ಕಣ್ಣಿಟ್ಟೆ. ದಿನಾ ಕೂರುವವನು ಶೇಂಗಾ ಮಾರುವ ಪರಸಪ್ಪ ಒಬ್ಬನೇ.

ಆ ಕಪ್ಪು ಪಟ್ಟಿ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಎಡಗೈ ಹೆಬ್ಬೆರಳಿಗೆ ಬುಡದಿಂದ ತುದಿಯವರೆಗೆ ಬಿಗಿಯಾಗಿ ಸುತ್ತಿಕೊಂಡೇ ಆಡುತ್ತಾನೆ. ಕೇಳಿದರೆ "ಸ್ಟೈಲ್ ಕಾಕಾ, ಟೀವ್ಯಾಗ ಎಲ್ಲಾರೂ ಸುತ್ಕೋತಾರ" ಎಂದು ನಕ್ಕ. ಒಳಗೆ ತಾವೀಜು ಇದ್ದರೂ ಇರಬಹುದು ಎನ್ನಿಸಿ ಸೀದಾ ನಿಮ್ಮ ಮನೆಗೇ ಹೋದೆ. ಜಾಹೀದಾ ಅಮ್ಮ ಬಾಗಿಲಲ್ಲೇ ಅಕ್ಕಿ ಆರಿಸುತ್ತ ಕೂತಿದ್ದರು.

"ಅಮ್ಮಾ, ಮೊಮ್ಮಗನ ಕೈಗೆ ತಾವೀಜ ಕಟ್ಟಿಸೀರೇನು?" ಎಂದೆ.

"ತಾವೀಜಾ ಇಲ್ಲ ಏನಿಲ್ಲ. ಅವನ ಕೈ ಸುದ್ದಿ ಎತ್ತಬ್ಯಾಡ ಮಲಕಪ್ಪ, ನಜರ ಆಗ್ತೈತಿ. ಚಾ ಕುಡದು ಹೋಗು."

ಎಂದೂ ನನ್ನನ್ನು ಇಷ್ಟು ಬೇಗ ಬಿಟ್ಟವರಲ್ಲ. ನೀನು ಫೋನ್ ಮಾಡುವುದಿಲ್ಲ, ಸೊಸೆ ಸೊರಗಿದ್ದಾಳೆ ಎಂದು ಹೊತ್ತು ಮುಳುಗುವ ತನಕ ಹೇಳಿಕೊಳ್ಳುವವರು. ಆ ದಿನ ಚಹಾ ಕೊಟ್ಟು ಮುಖ ಕೊಡದೆ ಒಳಗೆ ಹೋದರು. ಮುದುಕಿಗೆ ದೃಷ್ಟಿಯ ಭಯ ಎಂದುಕೊಂಡು ಬಂದೆ.

ಗುಟ್ಟು ತಿಳಿದದ್ದು ಕಳೆದ ವಾರ, ಅವನ ಎಡಮಗ್ಗುಲಿಗೆ ನಿಂತು ನೋಡುವಾಗ. ಮೊದಲು ಅವನ ಚೆಂಡು ಹೊರಗೆ ಬೀಳುತ್ತಿದ್ದದ್ದು ನಿನ್ನಿಂದಲೇ ಬಂದ ರೋಗ, ಮುಬಾರಕ. ಶೇಖಪ್ಪ ಮಾಸ್ತರರು ನಮಗೆ ಏನು ಕಲಿಸಿದ್ದರು? "ಎರಡೂ ಕೈಲೆ ನೂಕ್ರಲೇ!" ಆಗ ಚೆಂಡು ಭಾರ, ನಾವು ಕಡ್ಡಿ ಪೈಲವಾನರು, ಬೇರೆ ಗತಿ ಇರಲಿಲ್ಲ. ನಿಜವಾಗಿ ಎಸೆಯಬೇಕಾದದ್ದು ಬಲಗೈ. ಎಡಗೈ ಚೆಂಡಿಗೆ ಸುಮ್ಮನೆ ಆನಿಕೊಂಡಿದ್ದು ಬಿಟ್ಟುಬಿಡಬೇಕು. ನೀನು ಕೊನೆಯ ಗಳಿಗೆಯಲ್ಲಿ ಎಡ ಹೆಬ್ಬೆರಳಿನಿಂದ ಒಂದು ಒತ್ತು ಕೊಡುತ್ತಿದ್ದೆ, ಚೆಂಡು ಸೊಟ್ಟಗೆ ಹೋಗುತ್ತಿತ್ತು. ನೀನು ಹಿತ್ತಿಲ ಗೋಡೆಗೆ ತೂತು ಬಕೆಟ್ಟು ಕಟ್ಟಿ ಎಸೆಯುವುದನ್ನು ನೋಡಿ ನೋಡಿ ಅಂಬೆಗಾಲಿಡುವ ಮಗ ಕಲಿತ. ಬೈದೆ, ಬೇಡಿಕೊಂಡೆ, ಎಡಗೈ ಬೆನ್ನ ಹಿಂದೆ ಇಟ್ಟು ಆಡಿಸಿದೆ. ಪಂದ್ಯ ಬಿಸಿಯೇರಿದೊಡನೆ ಆ ಹೆಬ್ಬೆರಳು ತನ್ನ ಕಸುಬು ತೋರಿಸಿಯೇ ತೋರಿಸುತ್ತಿತ್ತು.

ಈಗ ಅದು ಪಟ್ಟಿಯೊಳಗೆ ಕೋಲಿನಂತೆ ನೆಟ್ಟಗೆ ನಿಂತಿದೆ, ಒತ್ತಲು ಬರುವುದಿಲ್ಲ. ಚೆಂಡು ಬಲಗೈ ಹೇಳಿದ ಕಡೆಗೆ ಹೋಗುತ್ತದೆ. ಇಷ್ಟೇ ಇದರ ಜಾದು. ಗದರಿಸಿ ಕೇಳಿದ ಮೇಲೆ "ಸ್ವಲ್ಪ ಉಳುಕೇತಿ ಕಾಕಾ, ಕಮ್ಮಿ ಆಗಾಕತ್ತೇತಿ" ಎಂದು ಒಪ್ಪಿಕೊಂಡ.

ಹಾಗಾಗಿ ನನ್ನ ಉತ್ತರ ಬರೆದುಬಿಡುತ್ತೇನೆ. ಉಳುಕು ಹೋಗುತ್ತದೆ, ಪಟ್ಟಿ ಬಿಚ್ಚುತ್ತಾನೆ, ಹೆಬ್ಬೆರಳು ಮತ್ತೆ ನೂಕುತ್ತದೆ. ರಕ್ತದಲ್ಲಿ ಬಂದ ಚಾಳಿ ಎರಡು ತಿಂಗಳ ಪಟ್ಟಿಗೆ ಹೋಗುವಂಥದ್ದಲ್ಲ. ಈ ಆಟ ಉಳಿಯುವುದಿಲ್ಲ ಎಂದೇ ನನ್ನ ಲೆಕ್ಕ. ಧಾರವಾಡಕ್ಕೆ ಹೋಗಿ, ಅಲ್ಲಿ ನಾಲ್ಕು ಜನರೆದುರು ಆಟ ಕೈಕೊಟ್ಟು, ಮುಖ ಸಣ್ಣದು ಮಾಡಿಕೊಂಡು ಬರುವುದಕ್ಕಿಂತ ನಿನ್ನ ಹತ್ತಿರ ಬರುವುದೇ ಲೇಸು. ಅವನ ಸಲುವಾಗಿ ಗ್ಯಾರೇಜಿನಲ್ಲಿ ಜಾಗ ಮಾಡಿ ಇಡು. ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ. ಅವನು ನನ್ನ ಕಣ್ಣೆದುರಿಗೆ ಬೆಳೆದ ಹುಡುಗ, ನನಗೂ ಮಗನೇ.

ನಸ್ರೀನ ತಂಗಿಗೆ ಮಾಲವ್ವನ ನೆನಪು ತಿಳಿಸು. ಕಾಯಿಪುಡಿ ಹಚ್ಚಿದ ಬದನೆಕಾಯಿ ತಿನ್ನಲು ಇಬ್ಬರೂ ಬರಬೇಕಂತೆ. ನಿನ್ನ ದುಡಿಮೆ, ನಿನ್ನ ಮನೆ, ನಿನ್ನ ಮಗ ಎಲ್ಲ ತಣ್ಣಗಿರಲಿ.

ನಿನ್ನ
ಮಲಕಪ್ಪ

ತಾ.ಕ.: ಕಾಗದ ಇನ್ನೂ ಅಂಚೆಗೆ ಬಿದ್ದಿಲ್ಲ. ಎರಡು ದಿನ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ನಾನೇ ಬರೆದ ಉತ್ತರದ ಮೇಲೂ ನನಗೆ ಅನುಮಾನ ಬಂತು. ಹಾಕುವ ಮೊದಲು ಒಮ್ಮೆ ಪಟ್ಟಿ ಬಿಚ್ಚಿಸಿ ಆಡಿಸಿ ನೋಡೋಣ ಎಂದು ಮೈದಾನಕ್ಕೆ ಹೋದೆ. ರಾಹಿಲ ಒಲ್ಲೆನೆಂದ. ನಾನೇ ಕೈ ಹಿಡಿದು ಬಿಚ್ಚಿದೆ. ಹೆಬ್ಬೆರಳಿನ ಬುಡಕ್ಕೆ ಹೊಲಿಗೆ ಹಾಕಿದ ಗುರುತಿತ್ತು.

"ಮಡಚು" ಎಂದೆ. ಮಡಚಲು ಬರಲಿಲ್ಲ. ಅವನು ಬಲಗೈಯಿಂದ ಅದನ್ನು ಮಡಚಿ ತೋರಿಸಿದ, ಬಿಟ್ಟೊಡನೆ ಮತ್ತೆ ನೆಟ್ಟಗಾಯಿತು.

ಶ್ರಾವಣದಲ್ಲಿ ಬಂದದ್ದು ಜ್ವರವಲ್ಲವಂತೆ. ನೀನು ಮೊಟ್ಟಮೊದಲು ಪಾನಾ ಹಿಡಿದ ಅಬ್ದುಲ್ ರಜಾಕನ ಗ್ಯಾರೇಜಿಗೆ ಅವನೂ ಯಾರಿಗೂ ಹೇಳದೆ ಹೋಗುತ್ತಿದ್ದನಂತೆ. ಜೀಪಿನ ಗೇರ್ ಬಾಕ್ಸು ಇಳಿಸುವಾಗ ಜಾರಿ ಕೈ ಕೊಯ್ದಿದೆ. ಹೊಲಿಗೆ ಹಾಕಿಸಿಕೊಂಡು ವಾಸಿಯಾಯಿತು ಎಂದುಕೊಂಡಿದ್ದಾನೆ. ಆಮೇಲೆ ಬೆರಳು ಮಡಚದಿದ್ದಾಗ ಜಾಹೀದಾ ಅಮ್ಮ ಧಾರವಾಡಕ್ಕೆ ಕರೆದೊಯ್ದು ತೋರಿಸಿದ್ದಾರೆ. ಮಡಚುವ ನರವೇ ತುಂಡಾಗಿದೆ, ತಡವಾಗಿ ಬಂದಿರಿ, ಇನ್ನು ಹೀಗೇ ಎಂದರಂತೆ. ಆಡಲು ಅಡ್ಡಿಯಿಲ್ಲ, ಬಿಗಿಯಾಗಿ ಹಿಡಿದು ಮಾಡುವ ಕೆಲಸ ಈ ಕೈಯಿಂದ ಆಗದು ಎಂದೂ ಹೇಳಿದರಂತೆ. ಅಮ್ಮ ಅವನ ಕೈ ಸುದ್ದಿ ಎತ್ತಬೇಡ ಎಂದದ್ದು ಯಾಕೆಂದು ಈಗ ತಿಳಿಯಿತು.

"ಅಲ್ಲಿಗ್ಯಾಕ ಹೋಗಿದ್ಯೋ ಹುಚ್ಚಾ?" ಎಂದೆ.

"ನನ್ನ ಆಟ ನಡಿಯೂದಿಲ್ಲ ಅಂತ ನನಗೂ ಗೊತ್ತಿತ್ತು ಕಾಕಾ. ಫೋಂಡಾಕ್ಕ ಬರಿಗೈಲೆ ಹೆಂಗ ಹೋಗ್ಲಿ? ಒಂದು ಗೇರ್ ಬಾಕ್ಸ ನಾನ ಬಿಚ್ಚಿ ನಾನ ಕೂಡಿಸಿ ಅಬ್ಬಾಗ ತೋರಸ್ಬೇಕಂತ ಮಾಡಿದ್ದೆ. ಅಬ್ಬಾಗ ಮಾತ್ರ ಹೇಳಬ್ಯಾಡ್ರಿ."

ಹೇಳುವುದಿಲ್ಲ ಎಂದು ಅವನಿಗೆ ಮಾತು ಕೊಟ್ಟು ಬಂದು ನಿನಗೆ ಬರೆಯುತ್ತಿದ್ದೇನೆ. ನೀನು ಅವನನ್ನು ಬೈದರೆ ನನ್ನ ನಿನ್ನ ಗೆಳೆತನ ಅಲ್ಲಿಗೆ ಮುಗಿಯಿತು.

ಪಟ್ಟಿಯಿಲ್ಲದ ಕೈಯಿಂದಲೇ ಎಸೆಯಲು ಹೇಳಿದೆ. ಎಸೆದ, ಚೆಂಡು ಅಂಚನ್ನೂ ಮುಟ್ಟದೆ ಒಳಗೆ ಬಿತ್ತು. ಮತ್ತೆ ಎಸೆದ, ಮತ್ತೆ ಬಿತ್ತು.

ಮೇಲೆ ಬರೆದ ಉತ್ತರವನ್ನು ಹೊಡೆದುಹಾಕಿಕೋ. ಅವನನ್ನು ಧಾರವಾಡಕ್ಕೆ ಕಳಿಸು. ನಿನ್ನ ಮಗನ ಆಟ ಉಳಿಯುತ್ತದೆ, ಮುಬಾರಕ. ಈ ಸಲ ನನಗೆ ಅನುಮಾನವೇ ಇಲ್ಲ. ಅನುಮಾನ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.