ಮೈಕ್ ಆನ್ ಇರಲಿಲ್ಲ

೧೨ ನವೆಂಬರ್, ಬುಧವಾರ

ಇವತ್ತಿನ ಸೆಮಿನಾರಿನ ಸಿಟ್ಟು ಇನ್ನೂ ಇಳಿದಿಲ್ಲ. ಗಲ್ಫಿಗೆ ಹೋಗುವ ಕಾರ್ಮಿಕರ ಮೇಲಿನ ನನ್ನ ಪಿಎಚ್‌ಡಿಗೆ ಫೆಲೋಶಿಪ್ ಕೊಡುವ ಸಂಸ್ಥೆಯವರು ದಿಲ್ಲಿಯಿಂದ ಬಂದಿದ್ದರು. ಅವರ ಮುಂದೆ ಮಾತಾಡಿಸಲು ಪಟಾನ್‌ಚೆರುವಿನಲ್ಲಿ ನೆಲೆಸಿರುವ ಕನ್ನಡತಿ ನೀಲಮ್ಮನವರನ್ನು ಕರೆದುಕೊಂಡು ಬಾ ಎಂದು ಗೈಡ್ ಹಟ ಹಿಡಿದಿದ್ದರು. ನಾನೇ ಕರೆತಂದೆ.

ಗಂಡ ಗಲ್ಫಿಗೆ ದುಡಿಯಲು ಹೋಗಿ ಅಲ್ಲಿಯೇ ಸತ್ತದ್ದು, ಹೆಣ ಪೆಟ್ಟಿಗೆಯಲ್ಲಿ ಬಂದದ್ದು, ಎಲ್ಲವನ್ನೂ ಹೇಳುತ್ತ ನೀಲಮ್ಮ ಅತ್ತರು. ಆಗ ಗೈಡ್ ಎದ್ದು ನಗುನಗುತ್ತ, "ಅಮ್ಮಾ, ಮೈಕ್ ಆನ್ ಇರಲಿಲ್ರಿ. ರೆಕಾರ್ಡಿಂಗ್ ಆಗಿಲ್ಲ. ಪೆಟಗಿ ಬಂದದ್ದು ಇನ್ನೊಮ್ಮೆ ಹೇಳ್ರಿ, ಹಂಗೇ ಅಳಕೋತ" ಎಂದರು. ಅಲ್ಲ, ಎಂದ. ಈ ಡೈರಿಯಲ್ಲಾದರೂ ಅವನಿಗೆ ಮರ್ಯಾದೆ ಯಾಕೆ?

ನೀಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಿಜಕ್ಕೂ ಮತ್ತೆ ಶುರು ಮಾಡಿದರು. ನಾನು ಹೋಗಿ ಮೈಕ್ ಕಿತ್ತುಕೊಂಡೆ. ಅವರ ಕೈ ಹಿಡಿದು ಹೊರಗೆ ನಡೆದೆ.

"ಭಕ್ತಿ, ನಿನ್ನ ಫೆಲೋಶಿಪ್ ನನ್ನ ಸಹಿ ಮ್ಯಾಲೆ ನಡದೈತಿ" ಎಂದು ಹಿಂದಿನಿಂದ ಕೂಗಿದ.

ಫೆಲೋಶಿಪ್ ನಿಂತರೆ ನಿಲ್ಲಲಿ. ಅವನ ಕೈಕೆಳಗೆ ಇನ್ನೊಂದು ಸಾಲೂ ಬರೆಯುವುದಿಲ್ಲ.

ಬಸ್ಸಿನಲ್ಲಿ ನೀಲಮ್ಮ ಮೆಲ್ಲಗೆ ಕೇಳಿದರು: "ಯಾಕ್ರಿ ಅಕ್ಕಾರ, ನಾ ಸರಿಯಾಗಿ ಅಳಲಿಲ್ಲೇನ್ರಿ?"