ಅಪ್ಪನ ಕೈತೂಕ

ಮೈಸೂರು
ಮಂಗಳವಾರ, 3 ನವೆಂಬರ್ 2009

ತೀರ್ಥರೂಪು ಅಪ್ಪನಿಗೆ,

ಕಾವ್ಯಶ್ರೀಯ ನಮಸ್ಕಾರ. ಮೊದಲೇ ಕ್ಷಮಿಸಿಬಿಡಿ ಅಪ್ಪಾ. ಮನೆಯಲ್ಲಿ ಫೋನಿರುವಾಗ ಕಾಗದ ಬಂತು ಅಂದರೆ ಏನಾಯಿತೋ ಅಂತ ನಿಮಗೆ ಎದೆ ಹೊಡೆದುಕೊಳ್ಳುತ್ತೆ, ಗೊತ್ತು. ಏನೂ ಆಗಿಲ್ಲ, ಹುಷಾರಾಗಿದ್ದೀನಿ. ಫೋನ್ ಮಾಡಿದರೆ ಅವ್ವ ಸ್ಪೀಕರ್ ಹಾಕ್ತಾಳೆ, ಪಕ್ಕದಲ್ಲಿ ನಂಜಣ್ಣ ಮಾವ ಕೂತಿರ್ತಾರೆ, ನಾನು ಹೇಳಬೇಕಾದ್ದು ಬಿಟ್ಟು ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡ್ತೀನಿ. ಹುಣಸೂರಿನ ಹಾಸ್ಟೆಲಿನಲ್ಲಿದ್ದ ಏಳು ವರ್ಷವೂ ನಾವಿಬ್ಬರು ಕಾರ್ಡಿನಲ್ಲೇ ಮಾತಾಡಿದವರು ತಾನೆ, ಅದಕ್ಕೇ ಬರೀತಿದ್ದೀನಿ. ಎದುರಿಗಿದ್ದರೆ ನೀನು ಅಂತೀನಿ, ಕಾಗದದಲ್ಲಿ ನೀವು ಅಂತೀನಿ. ಹಾಸ್ಟೆಲ್ ಕಲಿಸಿದ ಅಭ್ಯಾಸ, ಕೈ ಬಿಡ್ತಿಲ್ಲ.

ವಿಷಯ ಲ್ಯಾಪ್‌ಟಾಪಿನದು.

ಆಯುಧಪೂಜೆಯ ಹಿಂದಿನ ದಿನ ನೀವು ಹಾರನಹಳ್ಳಿಯಿಂದ ಬಸ್ಸು ಹತ್ತಿ ಬಂದು ಕೊಡಿಸಿಹೋದಿರಲ್ಲ, ಅದು ಕೆಟ್ಟಿಲ್ಲ. ಹಾಸ್ಟೆಲಿನ ಮೇಜಿನ ಮೇಲೆ ಗೌಡನ ಹಾಗೆ ಕೂತಿದೆ. ಆದರೆ ನನ್ನ ಎಂ.ಎಸ್ಸಿ. ಓದು ಮೇಜಿನ ಮೇಲೆ ಮುಗಿಯೋದಲ್ಲ ಅಪ್ಪಾ. ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್. ಬೆಳಿಗ್ಗೆ ಆರಕ್ಕೆ ಕೋಟೆ ತಾಲ್ಲೂಕಿನ ಬಸ್ಸು ಹಿಡಿದು, ಇಳಿದು, ಅಲ್ಲಿಂದ ಕಾಡಂಚಿನ ಆದಿವಾಸಿಗಳ ಹಾಡಿಗೆ ನಾಲ್ಕು ಕಿಲೋಮೀಟರ್ ನಡಿಗೆ. ಹಾಡಿಯ ಮಕ್ಕಳ ಎತ್ತರ, ತೂಕ ಅಳೆದು ಅಲ್ಲೇ ಕೂತು ಲ್ಯಾಪ್‌ಟಾಪಿಗೆ ಹಾಕಬೇಕು. ಹೋದ ವರ್ಷದವರು ಹಾಳೆಯಲ್ಲಿ ಬರೆದುಕೊಂಡಿದ್ದು ಅರ್ಧಕ್ಕರ್ಧ ಮಳೆಯಲ್ಲಿ ನೆನೆದು ಹೋಯಿತಂತೆ, ಅದಕ್ಕೆ ಈ ರೂಲು.

ನಮ್ಮದು ಮೂರೂವರೆ ಕೆಜಿ ಇದೆ. ಚಾರ್ಜರ್ ಬೇರೆ, ಅರ್ಧ ಇಟ್ಟಿಗೆ. ಅದರ ಜೊತೆ ತೂಕದ ಮೆಷೀನು, ಬುತ್ತಿ, ನೀರು. ಬಸ್ಸಿನಲ್ಲಿ ಸೀಟು ಸಿಗಲ್ಲ. ಬ್ಯಾಗು ಕೆಳಗಿಟ್ಟರೆ ತುಳೀತಾರೆ, ಹೆಗಲಲ್ಲಿದ್ದರೆ ಹಿಂದಿನವರು ಬೈತಾರೆ. ಒಂದು ದಿನ ಕಂಡಕ್ಟರ್, ಏನವ್ವಾ ಒಳಕಲ್ಲು ಹೊತ್ಕೊಂಡ್ ಬಂದಿದ್ದೀಯ, ಅದಕ್ಕೂ ಒಂದು ಟಿಕೆಟ್ ತಗೋ ಅಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಏನು ಮಾಡೋದು.

ಹಾಡಿಯಲ್ಲಿ ಕರೆಂಟಿಲ್ಲ. ಅಷ್ಟಗಲ ಪರದೆಗೆ ಬ್ಯಾಟರಿ ಒಂದೂಕಾಲು ಗಂಟೆಗೆ ಸತ್ತುಹೋಗುತ್ತೆ. ಸತ್ತಿದ್ದನ್ನ ಮತ್ತೆ ನಾಲ್ಕು ಕಿಲೋಮೀಟರ್ ಹೊತ್ತುಕೊಂಡು ವಾಪಸ್. ನನ್ನ ಜೊತೆ ಬರೋ ಬೃಂದಾಳದ್ದು ಒಂದೂವರೆ ಕೆಜಿ, ನಾಲ್ಕು ಗಂಟೆ ನಡೆಯುತ್ತೆ. ಮೊದಮೊದಲು ಅವಳೇ ನನ್ನ ಪಾಲಿನದ್ದನ್ನೂ ಹಾಕಿಕೊಟ್ಟಳು. ಈಗ ಅವಳಿಗೂ ಸಾಕಾಗಿದೆ. ಬಾಯಿಬಿಟ್ಟು ಹೇಳಲ್ಲ, ಮುಖ ನೋಡಿದರೆ ಗೊತ್ತಾಗುತ್ತೆ.

ಹೋದ ವಾರ ಎರಡು ದಿನವೂ ಜ್ವರ ಅಂತ ಸುಳ್ಳು ಹೇಳಿ ನಾನು ಹೋಗಲಿಲ್ಲ. ಮಲಗಿದ್ದೆ. ನಿದ್ದೆಯೂ ಬರಲಿಲ್ಲ, ಏಳೋಕೂ ಆಗಲಿಲ್ಲ. ಆ ಬ್ಯಾಗು ನೋಡಿದರೇ ಹೆಗಲು ನೋಯುತ್ತೆ. ನಿನ್ನೆ ಮೇಡಮ್ ಕರೆದು, ಈ ತಿಂಗಳೊಳಗೆ ನಿನ್ನ ಅರವತ್ತು ಮಕ್ಕಳ ಡೇಟಾ ಬರದಿದ್ದರೆ ಟೀಮಿನಿಂದ ತೆಗೀತೀನಿ, ಮುಂದಿನ ವರ್ಷ ಮೊದಲಿಂದ ಮಾಡು ಅಂದರು. ಇಡೀ ಒಂದು ವರ್ಷ ಅಪ್ಪಾ. ಆಗಿರೋದು ಹದಿನೇಳು ಮಕ್ಕಳು.

ಕೊಪ್ಪದ ಸಂತೆಯಲ್ಲಿ ಯಾರು ಗುದ್ದಲಿ, ಮಚ್ಚು ಕೊಳ್ಳಬೇಕಾದರೂ ತಾಳು, ಮಂಚಯ್ಯ ಬರಲಿ, ಒಂದು ಸಲ ಎತ್ತಲಿ ಅಂತಾರೆ. ನೀವು ಎತ್ತಿ, ಬೆರಳ ಗೆಣ್ಣಲ್ಲಿ ಒಂದು ಬಡಿದು, ಕಿವಿಗೊಟ್ಟು, ಆಮೇಲೆ ಹೂಂ ಅನ್ನೋದು. ಲ್ಯಾಪ್‌ಟಾಪ್ ಅಂಗಡಿಯಲ್ಲೂ ಹಾಗೇ ಮಾಡಿದಿರಿ. ಒಂದೊಂದು ಕೈಯಲ್ಲಿ ಒಂದೊಂದು. ಹಗುರದ್ದನ್ನ ಎತ್ತಿ, ಇದೇನಪ್ಪಾ ಅಪ್ಪಳ ಇದ್ದಂಗದೆ, ಒಳೀಕೆ ಸಾಮಾನು ಆಕೋದ ಮರ್ತ್‌ಬುಟ್ರಾ ಅಂತ ಸೇಲ್ಸ್‌ಮನ್ನನ್ನ ಕೇಳಿದಿರಿ. ಭಾರದ್ದನ್ನ ಬಡಿದು, ಇದು ಕಣವ್ವ, ನಿನ್ನ ಮಕ್ಕಳ ಕಾಲಕ್ಕೂ ಬತ್ತದೆ ಅಂದಿರಿ. ನಾನು ಹೂಂ ಅಂದೆ.

ಊರಲ್ಲೆಲ್ಲ ಹೇಳಿಕೊಂಡಿದ್ದೀರಂತೆ, ತಂಗಿ ಮಧುಶ್ರೀ ಹೇಳಿದಳು. ನಂಜಣ್ಣ ಮಾವ, ಕಂಪ್ಯೂಟ್ರನ್ನೂ ಕೈಲೇ ತೂಗ್‌ಬುಟ್ಯೇನ್ಲಾ ಅಂತ ಕೆಣಕಿದರೆ ನೀವು, ಕಬ್ಬುಣ ಆದ್ರೇನು ಕಂಪ್ಯೂಟ್ರು ಆದ್ರೇನು, ಕೈಗೆ ಗೊತ್ತಾಯ್ತದೆ ಬುಡ್ಲಾ ಅಂತೀರಂತೆ. ಅದನ್ನ ಕೇಳಿದ ಮೇಲೆ ನನಗಿದ್ದ ಅಷ್ಟಿಷ್ಟು ಧೈರ್ಯವೂ ಹೋಯಿತು.

ಆದರೂ ಭಾನುವಾರ ಅಂಗಡಿಗೆ ಹೋಗಿ ವಿಚಾರಿಸಿದೆ. ದಸರಾ ಆಫರಿನಲ್ಲಿ ತಗೊಂಡಿದ್ದನ್ನ 14ನೇ ತಾರೀಖು ಶನಿವಾರದವರೆಗೂ ಬದಲಾಯಿಸಿಕೊಡ್ತಾರಂತೆ. ಆವತ್ತು ನೀವು ಎತ್ತಿದ್ದ ಹಗುರದ್ದು ಇನ್ನೂ ಒಂದಿದೆ. ಬೆಲೆ ಅಷ್ಟೇ. ಆದರೆ ಬಿಲ್ಲು ಬೇಕು, ಡಬ್ಬ ಬೇಕು, ಬಿಲ್ಲಿನಲ್ಲಿ ಹೆಸರಿರೋರು ಬಂದು ಸೈನ್ ಹಾಕಬೇಕು. ಹೆಸರು ನಿಮ್ಮದು. ಬಿಲ್ಲು ದೇವರ ಪಟದ ಹಿಂದಿದೆ. ಡಬ್ಬದಲ್ಲಿ ಮಾತ್ರ ಅವ್ವ ಥರ್ಮಾಕೋಲ್ ಸಮೇತ ಕೋಳೀನ ಕಾವಿಗೆ ಕೂರಿಸಿದ್ದಾಳಂತೆ, ಬೆಚ್ಚಗಿರುತ್ತೆ ಅಂತ. ನನಗೆ ಸಿಟ್ಟು ಬರಲಿಲ್ಲ ಅಪ್ಪಾ. ಕೋಳಿ ಮೇಲೆ ಹೊಟ್ಟೆಕಿಚ್ಚಾಯಿತು, ಇಪ್ಪತ್ತೊಂದು ದಿನ ಕೂತಲ್ಲೇ ಕೂತಿರಬಹುದಲ್ಲ ಅಂತ. ಮಧುಶ್ರೀ ಹೇಳಿದ ಹಾಗೆ ಬರೋ ಸೋಮವಾರಕ್ಕೆ ಮರಿ ಆಗಬೇಕು. ಅಲ್ಲೀತನಕ ಅದನ್ನ ಎಬ್ಬಿಸೋದು ಬೇಡ. ಮರಿ ಇಳಿಸಿದ ಮೇಲೆ ಡಬ್ಬ ಒರೆಸಿ ಒಂದು ದಿನ ಬಿಸಿಲಿಗೆ ಇಡೋಕೆ ಅವ್ವಂಗೆ ಹೇಳಿ, 14ರ ಶನಿವಾರ ಡಬ್ಬ, ಬಿಲ್ಲು ತಗೊಂಡು ಬನ್ನಿ.

ಊರಲ್ಲಿ ಯಾರಾದರೂ ಕೇಳಿದರೆ, ಓದಿಗೆ ಬೇರೆ ಮಾಡೆಲ್ಲೇ ಆಗಬೇಕಂತೆ ಅಂದುಬಿಡಿ. ನಿಮ್ಮ ಕೈ ತಪ್ಪಿತು ಅಂತ ಯಾರೂ ಅನ್ನೋದು ಬೇಡ.

ನಿಮ್ಮ ಮಗಳು,
ಕಾವ್ಯಶ್ರೀ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಹರಿದೆ. ಅಪ್ಪಾ, ಇಲ್ಲಿಂದ ಮುಂದೆ ಮಧು ಕೈಲಿ ಓದಿಸಬೇಡ, ನಿಧಾನಕ್ಕೆ ನೀನೇ ಓದಿಕೋ. ಆವತ್ತು ನೀನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದಾಗ ಸೇಲ್ಸ್‌ಮನ್ ನನಗೆ ಇಂಗ್ಲಿಷಿನಲ್ಲಿ ಏನೋ ಹೇಳಿದನಲ್ಲ. ಹಗುರದ್ದೇ ಗಟ್ಟಿ, ಅದರ ಮೈ ಲೋಹದ್ದು, ಭಾರದ್ದು ಪ್ಲಾಸ್ಟಿಕ್ಕು, ಓಡಾಡಿ ಓದೋರಿಗೆ ಅದು ಬೇಡ ಅಂದಿದ್ದ. ನೀನು ನನ್ನ ಕಡೆ ತಿರುಗಿ, ಏನಂದ್ನವ್ವಾ ಅಂದೆ. ನಾನು ಎರಡೂ ಒಂದೇ ಅಂತೆ ಅಂದುಬಿಟ್ಟೆ. ನನ್ನ ಕ್ಲಾಸಿನವರಿಬ್ಬರು ಅಲ್ಲೇ ಇದ್ದರು. ನೀನು ಗೆಣ್ಣಲ್ಲಿ ಬಡಿಯೋದನ್ನ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಹೇಳಿದ್ದರೆ ನೀನು ಇನ್ನೂ ನಾಲ್ಕು ಎತ್ತಿ, ಇನ್ನೂ ನಾಲ್ಕು ಮಾತು ಕೇಳ್ತಿದ್ದೆ. ನನಗೆ ಅಲ್ಲಿಂದ ಹೊರಗೆ ಬಂದರೆ ಸಾಕಾಗಿತ್ತು. ನಿನ್ನ ಕೈ ಮೋಸ ಹೋಗಿಲ್ಲಪ್ಪ. ನೀನು ನನ್ನ ಕೇಳಿದೆ, ನಾನು ಹೇಳಲಿಲ್ಲ. ಮೂರೂವರೆ ಕೆಜಿಯಲ್ಲಿ ಅದೂ ಸೇರಿದೆ. ಶನಿವಾರ ಬಂದರೆ ಆ ಹಗುರದ್ದನ್ನ ಇನ್ನೊಂದು ಸಲ ಎತ್ತಿ ನೋಡು, ಬಡಿದು ನೋಡು, ಎಷ್ಟು ಹೊತ್ತಾದರೂ ಆಗಲಿ, ಯಾರು ಬೇಕಾದರೂ ನಿಂತು ನೋಡಲಿ. ಅವನು ಹೇಳಿದ್ದನ್ನೆಲ್ಲ ಒಂದು ಮಾತೂ ಬಿಡದೆ ನಿನಗೆ ಹೇಳ್ತೀನಿ. ಬರ್ತೀಯೋ ಇಲ್ವೋ, ಬೇಗ ಒಂದು ಕಾರ್ಡು ಬರಿ.